ಕಲಿಯುವ ಕೈ, ಕಾಯುವ ಕಣ್ಣು

ಲಕ್ವ ಹೊಡೆದ ತಂದೆಯನ್ನೋ, ಮಂಡಿ ಬದಲಾಯಿಸಿಕೊಂಡ ತಾಯಿಯನ್ನೋ ಫಿಸಿಯೋಥೆರಪಿ ವಿಭಾಗಕ್ಕೆ ಕರೆದುಕೊಂಡು ಹೋಗುತ್ತೀರಿ. ದೊಡ್ಡ ಡಾಕ್ಟರು ಚೀಟಿ ಬರೆದುಕೊಟ್ಟಿದ್ದಾರೆ, ಅನುಭವಸ್ಥರು ಯಾರಾದರೂ ನೋಡುತ್ತಾರೆ ಎಂದುಕೊಂಡಿರುತ್ತೀರಿ. ಆದರೆ ಬರುವವಳು ಇಪ್ಪತ್ತೆರಡು ದಾಟದ ಒಬ್ಬ ಹುಡುಗಿ. ಕೋಟಿನ ಮೇಲಿನ ಬಿಲ್ಲೆಯಲ್ಲಿ ‘ಇಂಟರ್ನ್’ ಎಂದಿದೆ. ರೋಗಿಯ ಕೈ ಹಿಡಿಯುವ ಮುನ್ನ ಅವಳ ಕೈಯೇ ಒಂದಿಷ್ಟು ನಡುಗುತ್ತದೆ.

ನನ್ನ ಕ್ಲಿನಿಕ್ಕಿಗೆ ಬರುವ ಅನೇಕರು ಇದನ್ನು ದೂರಿನ ಧಾಟಿಯಲ್ಲಿ ಹೇಳುತ್ತಾರೆ. ‘ಡಾಕ್ಟ್ರೇ, ನಮ್ಮಪ್ಪನ ಮೇಲೆ ಕಲೀತಿದಾರೆ. ನೀವೊಂದು ಮಾತು ಹೇಳಿ, ದೊಡ್ಡವರೇ ನೋಡ್ಲಿ.’ ಇಂಥವೇ ಮನೆಗಳ ಮಕ್ಕಳು ಇನ್ನೊಂದು ಊರಿನಲ್ಲಿ ಅದೇ ಬಿಳಿ ಕೋಟು ಹಾಕಿಕೊಂಡು ಕಲಿಯುತ್ತಿರುತ್ತಾರೆ. ಮಗಳು ಫೋನ್ ಮಾಡಿ, ‘ಅಮ್ಮಾ, ಮೇಡಂ ಪೇಷೆಂಟ್ ಎದುರೇ ಬೈದರು, ನಿನ್ನ ಇಂಟರ್ನ್‌ಶಿಪ್‌ಗೆ ಸಹಿ ಹಾಕಲ್ಲ ಅಂದ್ರು’ ಎಂದು ಅತ್ತರೆ ಮನೆಯವರ ದೂರು ದಿಕ್ಕು ಬದಲಿಸುತ್ತದೆ. ಕಲಿಯುವ ಮಗುವಿಗೆ ಒಂದು ಅವಕಾಶ ಬೇಡವೇ ಎನ್ನುತ್ತಾರೆ.

ಎರಡೂ ಮಾತು ನ್ಯಾಯವಾದದ್ದೇ. ಎರಡಕ್ಕೂ ಹೊಣೆಗಾರರು ಒಬ್ಬರೇ: ಆ ಹುಡುಗಿಯ ಹಿಂದೆ ನಿಂತಿರಬೇಕಾದ ಮೇಲ್ವಿಚಾರಕರು. ರೋಗಿಗೆ ಪೆಟ್ಟಾಗುವುದೂ ಕಲಿಯುವವರ ಬದುಕು ಕೆಡುವುದೂ ಬಹುಮಟ್ಟಿಗೆ ಆ ಜಾಗ ಖಾಲಿ ಇದ್ದಾಗ, ಇಲ್ಲವೇ ಅಲ್ಲಿರುವವರು ಕಂಡದ್ದನ್ನು ಹೇಳದೆ ಸುಮ್ಮನಾದಾಗ.

ನೀರಿಗಿಳಿಯದೆ ಈಜು ಬರುವುದಿಲ್ಲ. ಇಂದು ನಿಮ್ಮ ತಾಯಿಯನ್ನು ನಡೆಸುವ ನುರಿತ ಥೆರಪಿಸ್ಟ್ ಒಂದು ಕಾಲದಲ್ಲಿ ಯಾರದೋ ತಾಯಿಯನ್ನು ಹೆದರಿ ಹೆದರಿ ಎಬ್ಬಿಸಿ ಕೂರಿಸಿದವರೇ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಮಾತು ಮತ್ತು ಶ್ರವಣದ ಚಿಕಿತ್ಸೆ ಕಲಿಯುವ ವಿದ್ಯಾರ್ಥಿಗಳು ತರಗತಿಯ ಜೊತೆಗೇ ಕ್ಲಿನಿಕ್‌ನಲ್ಲೂ ಕಲಿಯುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮನಶ್ಶಾಸ್ತ್ರದ ಚಿಕಿತ್ಸೆ ಕಲಿಯುವವರದೂ ಇದೇ ಕ್ರಮ. 2017ರ ಮಾನಸಿಕ ಆರೋಗ್ಯ ಕಾಯ್ದೆ ‘ಕ್ಲಿನಿಕಲ್ ಸೈಕಾಲಜಿಸ್ಟ್’ ಯಾರು ಎಂದು ವಿವರಿಸುವಾಗ, ಎರಡು ವರ್ಷದ ಪೂರ್ಣಾವಧಿ ಶಿಕ್ಷಣದಲ್ಲಿ ಮೇಲ್ವಿಚಾರಣೆಯಡಿ ಪಡೆದ ತರಬೇತಿ ಸೇರಿರಬೇಕು ಎಂದೇ ಹೇಳುತ್ತದೆ. ಹಿರಿಯರ ಕಣ್ಣಳತೆಯಲ್ಲಿ ಕೆಲಸ ಮಾಡಿರುವುದೂ ಅರ್ಹತೆಯ ಒಂದು ಭಾಗ.

ಹಂತ ಹಂತವಾಗಿ ಬಿಡಬೇಕಾದ ಕೈ

ಕಲಿಸುವುದೆಂದರೆ ‘ಹೋಗಿ ಮಾಡು’ ಎನ್ನುವುದಲ್ಲ. ವೈದ್ಯರಲ್ಲಿ ‘ಒಂದು ನೋಡು, ಒಂದು ಮಾಡು, ಒಂದು ಕಲಿಸು’ ಎಂಬ ಹಳೆಯ ಮಾತಿದೆ. ಕೇಳಲು ಚೆನ್ನ, ನಡೆಸಿಕೊಂಡು ಬಂದರೆ ರೋಗಿಗೆ ಕಷ್ಟ. ಪೇಟನ್ ಎಂಬ ಶಸ್ತ್ರವೈದ್ಯರು 1998ರಲ್ಲಿ ಸೂಚಿಸಿದ ಕ್ರಮ ಇದಕ್ಕಿಂತ ಮೇಲು. ಮೊದಲು ಹಿರಿಯರು ಮಾತಿಲ್ಲದೆ ಮಾಡಿ ತೋರಿಸುತ್ತಾರೆ. ಎರಡನೆಯ ಸಲ ಒಂದೊಂದನ್ನೂ ಬಿಡಿಸಿ ಹೇಳುತ್ತಾ ಮಾಡುತ್ತಾರೆ. ಮೂರನೆಯ ಸಲ ಕಲಿಯುವವರು ಮುಂದೇನು ಎಂದು ಹೇಳುತ್ತಾ ಹೋಗಬೇಕು, ಕೈ ಮಾತ್ರ ಹಿರಿಯರದು. ತಲೆಯಲ್ಲಿ ಏನಿದೆ, ಏನಿಲ್ಲ ಎಂಬುದು ಇಲ್ಲಿ ಬಯಲಾಗುತ್ತದೆ, ರೋಗಿಗೆ ಯಾವ ಅಪಾಯವೂ ಇಲ್ಲದೆ. ನಾಲ್ಕನೆಯ ಸಲ ಕೈಯೂ ಮಾತೂ ಕಲಿಯುವವರದು.

ಆನಂತರವೂ ಹಿರಿಯರು ಒಮ್ಮೆಗೇ ಮಾಯವಾಗಬಾರದು. ಕೆಲವು ದಿನ ಪಕ್ಕದಲ್ಲೇ ನಿಲ್ಲಬೇಕು, ಕೆಲವು ದಿನ ಕೂಗಿದರೆ ಕೇಳುವಷ್ಟು ದೂರದಲ್ಲಿ ಇರಬೇಕು. ಕೊನೆಗೆ ಸಂಜೆ ಬಂದು ವರದಿ ಒಪ್ಪಿಸಿದರೆ ಸಾಕು ಎಂಬ ಮಟ್ಟ ಬರುತ್ತದೆ. ಯಾವ ಕೆಲಸಕ್ಕೆ ಯಾವ ಮಟ್ಟ ಎಂಬುದು ರೋಗಿಯನ್ನು ನೋಡಿ ತೀರ್ಮಾನವಾಗಬೇಕು. ಕಾಲು ಉಳುಕಿದ ಕಾಲೇಜು ಹುಡುಗನಿಗೆ ವ್ಯಾಯಾಮ ಹೇಳಿಕೊಡಲು ಬಿಡಬಹುದಾದ ವಿದ್ಯಾರ್ಥಿಯನ್ನೇ, ಹೃದಯಾಘಾತವಾಗಿ ವಾರ ಕಳೆಯದವರನ್ನು ಮೆಟ್ಟಿಲು ಹತ್ತಿಸಲು ಒಬ್ಬಳೇ ಬಿಡುವಂತಿಲ್ಲ.

ಸಣ್ಣದಾಗಿ ಕಾಣುವ ಒಂದು ಕೆಲಸವನ್ನು ನೋಡಿ. ಬೆನ್ನುನೋವಿಗೆ ಶಾಖ ಕೊಡುವ ಹಾಟ್ ಪ್ಯಾಕ್ ಇರುವ ತೊಟ್ಟಿಯ ನೀರು ಸುಮಾರು 70ರಿಂದ 75 ಡಿಗ್ರಿ ಸೆಲ್ಸಿಯಸ್ ಬಿಸಿ ಇರುತ್ತದೆ. ಅದಕ್ಕೇ ಪ್ಯಾಕನ್ನು ಹಲವು ಪದರ ಟವೆಲ್ ಸುತ್ತಿ ಇಡುತ್ತಾರೆ. ಇಡುವ ಮೊದಲು ಬಿಸಿನೀರು, ತಣ್ಣೀರು ತುಂಬಿದ ಎರಡು ಗಾಜಿನ ಕೊಳವೆಗಳನ್ನು ಚರ್ಮಕ್ಕೆ ತಾಗಿಸಿ, ಕಣ್ಣು ಮುಚ್ಚಿರುವ ರೋಗಿಗೆ ವ್ಯತ್ಯಾಸ ತಿಳಿಯುತ್ತದೆಯೇ ಎಂದು ಪರೀಕ್ಷಿಸಬೇಕು. ಹತ್ತಾರು ವರ್ಷದ ಸಕ್ಕರೆ ಕಾಯಿಲೆಯವರಿಗೆ ಪಾದದಲ್ಲಿ ಸ್ಪರ್ಶವೇ ಇಲ್ಲದಿರಬಹುದು. ಅವರು ‘ಹಿತವಾಗಿದೆಯಮ್ಮ’ ಎನ್ನುತ್ತಿರುವಾಗಲೇ ಚರ್ಮ ಬೊಬ್ಬೆ ಬಂದಿರುತ್ತದೆ, ಆ ಗಾಯ ತಿಂಗಳುಗಟ್ಟಲೆ ಮಾಯುವುದಿಲ್ಲ. ಐದು ನಿಮಿಷಕ್ಕೊಮ್ಮೆ ಪ್ಯಾಕ್ ಎತ್ತಿ ನೋಡುವುದು ಪುಸ್ತಕದಲ್ಲಿದೆ. ಸಾಲಾಗಿ ಎಂಟು ಜನ ಕಾದಿರುವಾಗ ಅದು ತಪ್ಪಿಹೋಗುತ್ತದೆ. ಹಾಗೆಯೇ ಶಾರ್ಟ್ ವೇವ್ ಡಯಾಥರ್ಮಿ ಯಂತ್ರದ ಶಾಖ ಕೊಡುವ ಮುನ್ನ ಎದೆಯಲ್ಲಿ ಪೇಸ್‌ಮೇಕರ್ ಇದೆಯೇ, ಆ ಭಾಗದಲ್ಲಿ ಲೋಹದ ಪ್ಲೇಟು ಕೂರಿಸಿದ್ದಾರೆಯೇ ಎಂದು ಕೇಳಲೇಬೇಕು. ಇದ್ದರೆ ಆ ಶಾಖ ಕೂಡದು. ಒಳ್ಳೆಯ ಮೇಲ್ವಿಚಾರಕರು ವಿಭಾಗದಲ್ಲಿ ಓಡಾಡುತ್ತಾ ನೋಡುವುದು ಇಂಥವನ್ನೇ.

ಒಂದು ಭುಜದ ಕಥೆ

ನಾನು ರೋಗಿಗಳನ್ನು ಕಳುಹಿಸುವ ಒಂದು ಕೇಂದ್ರದಲ್ಲಿ ನಡೆದದ್ದು. ನಿವೃತ್ತ ಮೇಷ್ಟ್ರೊಬ್ಬರಿಗೆ ಎಡಭಾಗಕ್ಕೆ ಲಕ್ವ ಹೊಡೆದಿತ್ತು. ಮೂರು ವಾರ ಕಳೆದಿತ್ತು, ಕಾಲಿಗೆ ಬಲ ಬರುತ್ತಿತ್ತು, ಕೈ ಮಾತ್ರ ಜೋತು ಬಿದ್ದಿತ್ತು. ಚಿಕಿತ್ಸೆ ಕೊಡುತ್ತಿದ್ದ ಇಂಟರ್ನ್ ಹುಡುಗ ಚುರುಕು, ಮಾತು ಮೃದು. ಮೇಷ್ಟ್ರಿಗೂ ಅವನೆಂದರೆ ಅಕ್ಕರೆ. ಆದರೆ ಕುರ್ಚಿಯಿಂದ ಎಬ್ಬಿಸುವಾಗ ಅವನು ಎಡ ಕಂಕುಳಿಗೆ ಕೈ ಹಾಕಿ ಮೇಲಕ್ಕೆ ಎಳೆಯುತ್ತಿದ್ದ.

ಲಕ್ವದಲ್ಲಿ ಭುಜದ ಸುತ್ತಲಿನ ಸ್ನಾಯುಗಳು ಸಡಿಲಗೊಂಡಾಗ ತೋಳಿನ ಮೂಳೆಯ ಗುಂಡನ್ನು ಅದರ ಗೂಡಿನಲ್ಲಿ ಹಿಡಿದಿಡುವ ಬಲ ಕುಗ್ಗುತ್ತದೆ. ಕೈಯ ಭಾರಕ್ಕೇ ಮೂಳೆ ಕೆಳಗೆ ಜಾರಬಹುದು. ಅಂಥ ಕೈಯನ್ನು ಹಿಡಿದೆಳೆದರೆ ಭುಜ ಇನ್ನಷ್ಟು ಸರಿದು, ವಿಪರೀತ ನೋವು ಶುರುವಾಗುತ್ತದೆ. ನೋವಿರುವ ಕೈಯನ್ನು ರೋಗಿ ಅಲುಗಿಸಲು ಬಿಡುವುದಿಲ್ಲ. ಅಲುಗಿಸದ ಕೈ ಬಿಗಿಯುತ್ತದೆ. ಸೊಂಟದ ಪಟ್ಟಿಯನ್ನೋ ಬೆನ್ನನ್ನೋ ಆಧಾರವಾಗಿ ಹಿಡಿದು ಎಬ್ಬಿಸಬೇಕು, ಕೂತಾಗ ಕೈಯ ಕೆಳಗೆ ದಿಂಬು ಇರಬೇಕು. ಮನೆಯವರೂ ಇದನ್ನು ಕಲಿಯಬೇಕು. ಬಚ್ಚಲಿಗೆ ಕರೆದೊಯ್ಯುವಾಗ ಕೈ ಹಿಡಿದು ಎಳೆಯುವವರು ಬಹುಪಾಲು ನಾವೇ.

ಮೇಷ್ಟ್ರ ಹೆಂಡತಿ, ‘ರಾತ್ರಿ ಭುಜ ನೋವು ಅಂತ ನರಳ್ತಾರೆ’ ಎಂದರು. ಹುಡುಗ, ‘ಶುರುವಿನಲ್ಲಿ ಹಾಗೇ ಅಮ್ಮ’ ಎಂದ. ಅವರು ಅಷ್ಟಕ್ಕೇ ಬಿಡದೆ ಅಲ್ಲಿನ ಹಿರಿಯ ಥೆರಪಿಸ್ಟ್ ಬಳಿ ಹೇಳಿದರು. ಆಕೆ ನಡೆದುಕೊಂಡ ರೀತಿ ಹೇಳಬೇಕಾದದ್ದು. ಮೊದಲು ಮೇಷ್ಟ್ರ ಭುಜವನ್ನು ತಾನೇ ಪರೀಕ್ಷಿಸಿ, ಅಂದಿನಿಂದ ಚಿಕಿತ್ಸೆಯನ್ನು ತನ್ನ ಕೈಗೆ ತೆಗೆದುಕೊಂಡು ನನಗೆ ಫೋನ್ ಮಾಡಿದರು. ರೋಗಿಯ ಎದುರು ಹುಡುಗನಿಗೆ ಒಂದು ಮಾತೂ ಅನ್ನಲಿಲ್ಲ. ಮಧ್ಯಾಹ್ನ ಕೋಣೆಗೆ ಕರೆದು, ‘ಹೇಗೆ ಎಬ್ಬಿಸ್ತೀಯ, ನನ್ನನ್ನೇ ಎಬ್ಬಿಸಿ ತೋರಿಸಪ್ಪ’ ಎಂದರು. ಅವನು ತೋರಿಸಿದ. ‘ನಿನ್ನ ಬಲಗೈ ನನ್ನ ಕಂಕುಳಲ್ಲಿದೆ, ಭಾರವೆಲ್ಲ ಭುಜದ ಮೇಲೆ ಬೀಳ್ತಿದೆ. ಮೇಷ್ಟ್ರ ನೋವು ಇದರಿಂದ ಇರಬಹುದು’ ಎಂದು ನೇರವಾಗಿ ಹೇಳಿದರು. ಇದನ್ನು ಯಾರು ಕಲಿಸಿದ್ದು ಎಂದು ಕೇಳಿದಾಗ, ಹಿಂದಿನ ಪೋಸ್ಟಿಂಗ್‌ನಲ್ಲಿ ಎಲ್ಲರೂ ಹೀಗೆಯೇ ಮಾಡುತ್ತಿದ್ದರು ಎಂದು ತಿಳಿಯಿತು. ಎರಡು ವಾರ ಲಕ್ವದ ರೋಗಿಗಳನ್ನು ಅವನು ಅವರ ಎದುರಿನಲ್ಲಿ ಮಾತ್ರ ಎಬ್ಬಿಸಬೇಕು, ಪ್ರತಿ ಶುಕ್ರವಾರ ಕೂತು ಮಾತಾಡಬೇಕು ಎಂದು ಗೊತ್ತುಪಡಿಸಿ, ಅಷ್ಟನ್ನೂ ಪುಸ್ತಕದಲ್ಲಿ ಬರೆದು ಅವನ ಸಹಿ ಹಾಕಿಸಿಕೊಂಡರು. ಮೇಷ್ಟ್ರಿಗೂ ಅವರ ಹೆಂಡತಿಗೂ ಏನಾಗಿತ್ತು, ಮುಂದೇನು ಎಂದು ಮುಚ್ಚುಮರೆಯಿಲ್ಲದೆ ತಿಳಿಸಿದರು. ನೋವು ಹತೋಟಿಗೆ ಬರಲು ಆರೇಳು ವಾರ ಹಿಡಿಯಿತು. ಹುಡುಗ ಅವಧಿ ಮುಗಿಸಿ ಹೋದ.

ಬೈಗುಳ ಕಡಿಮೆ, ಕೆಲಸ ಹೆಚ್ಚು. ನಮ್ಮ ಬಹಳಷ್ಟು ಸಂಸ್ಥೆಗಳಲ್ಲಿ ಇದು ತಲೆಕೆಳಗಾಗಿರುತ್ತದೆ.

ಸುಮ್ಮನಿರುವ ದಯೆ

ಮೇಲ್ವಿಚಾರಕರು ಒರಟಾಗಿ ಬೈಯುವುದು ಎಲ್ಲರಿಗೂ ಕಾಣುವ ದೋಷ. ಕಾಣದ ದೋಷ ಇನ್ನೊಂದಿದೆ: ಲೋಪ ಕಂಡೂ ಹೇಳದಿರುವುದು. ಸ್ಕಾಟ್ಲೆಂಡಿನಲ್ಲಿ ಕ್ಯಾಥ್ಲೀನ್ ಡಫಿ ಎಂಬ ಅಧ್ಯಾಪಕಿ ನರ್ಸಿಂಗ್ ವಿದ್ಯಾರ್ಥಿಗಳ ಮೌಲ್ಯಮಾಪನದ ಬಗ್ಗೆ 2003ರಲ್ಲಿ ಪ್ರಕಟಿಸಿದ ಅಧ್ಯಯನ, ಅನುಮಾನವಿದ್ದರೂ ವಿದ್ಯಾರ್ಥಿಯನ್ನು ಪಾಸು ಮಾಡಿ ಕಳುಹಿಸುವ ಈ ಚಾಳಿಯನ್ನೇ ಎತ್ತಿ ತೋರಿಸಿತು. ಕಾರಣಗಳನ್ನು ಊಹಿಸಲು ನಮಗೇನೂ ಕಷ್ಟವಿಲ್ಲ. ಬಡವರ ಮನೆ ಹುಡುಗಿ, ಸಾಲ ಮಾಡಿ ಓದಿಸಿದ್ದಾರೆ, ಇನ್ನೇನು ಎರಡು ತಿಂಗಳು, ಮುಂದೆ ಕಲಿತುಕೊಳ್ಳುತ್ತಾಳೆ ಬಿಡಿ. ಅಥವಾ, ಯಾರೋ ದೊಡ್ಡವರ ಕಡೆಯವನು, ನಮಗೇಕೆ ಬೇಕು. ಹೀಗೆ ಒಂದು ವಿಭಾಗದವರು ಇನ್ನೊಂದಕ್ಕೆ ದಾಟಿಸುತ್ತಾರೆ. ಕೊನೆಯಲ್ಲಿ ಸಿಕ್ಕಿಬೀಳುವವರು ಇಬ್ಬರು: ಒಬ್ಬ ರೋಗಿ, ಮತ್ತು ಮೊದಲ ತಿಂಗಳೇ ಹೇಳಿದ್ದರೆ ತಿದ್ದಿಕೊಳ್ಳುತ್ತಿದ್ದ ಆ ವಿದ್ಯಾರ್ಥಿ. ಕೊನೆಯ ವಾರದಲ್ಲಿ ‘ಮೊದಲಿನಿಂದಲೂ ನಿನ್ನ ಕೆಲಸ ಸರಿಯಿಲ್ಲ’ ಎಂದು ಕೇಳುವುದಕ್ಕಿಂತ ದೊಡ್ಡ ಅನ್ಯಾಯ ತರಬೇತಿಯಲ್ಲಿ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ.

ಹೇಳುವುದಕ್ಕೂ ಒಂದು ಕ್ರಮವಿದೆ. ‘ನಿನಗೆ ಶ್ರದ್ಧೆಯಿಲ್ಲ’ ಎಂದರೆ ಕೇಳಿದವರು ಏನನ್ನು ತಿದ್ದಿಕೊಳ್ಳಬೇಕು? ‘ಸೋಮವಾರವೂ ಬುಧವಾರವೂ ವ್ಯಾಯಾಮಕ್ಕೆ ಮುನ್ನ ರಕ್ತದೊತ್ತಡ ನೋಡಿಲ್ಲ, ಹಾಳೆಯಲ್ಲಿ ಆ ಜಾಗ ಖಾಲಿಯಿದೆ’ ಎಂದರೆ ದಾರಿ ಕಾಣುತ್ತದೆ. ಆಮೇಲೆ, ಏಕೆ ಹೀಗಾಯಿತು ಎಂದು ಕೇಳಬೇಕು, ಉತ್ತರಕ್ಕಾಗಿ ಕಾಯಬೇಕು. ಗೊತ್ತಿರಲಿಲ್ಲ ಎಂದಾದರೆ ಕಲಿಸಿದರೆ ಮುಗಿಯಿತು. ಗೊತ್ತಿದ್ದೂ ಕೈಗೆ ಬಂದಿಲ್ಲವಾದರೆ ಅಭ್ಯಾಸ ಬೇಕು. ವಿಭಾಗದಲ್ಲಿ ಇರುವುದೇ ಒಂದು ಬಿ.ಪಿ. ಯಂತ್ರ, ಅದೂ ಕೆಟ್ಟಿದೆ ಎಂದಾದರೆ ನೋಟಿಸು ಕೊಡಬೇಕಾದದ್ದು ಬೇರೆಯವರಿಗೆ. ಹಾಸ್ಟೆಲಿನಲ್ಲಿ ನಿದ್ರೆಯಿಲ್ಲ, ಊರಿನಲ್ಲಿ ತಂದೆಗೆ ಕಾಯಿಲೆ, ಮನಸ್ಸಿಗೆ ಮಂಕು ಕವಿದಿದೆ ಎಂಬ ಉತ್ತರವೂ ಬರಬಹುದು. ಆಗ ಮೇಲ್ವಿಚಾರಕರು ತಾವೇ ಆ ವಿದ್ಯಾರ್ಥಿಗೆ ಚಿಕಿತ್ಸಕರಾಗಲು ಹೋಗಬಾರದು. ಅಂಕ ಹಾಕುವವರು ಬೇರೆ, ಮನಸ್ಸಿನ ಗುಟ್ಟು ಕೇಳುವವರು ಬೇರೆ ಇರಬೇಕು. ರಜೆ ಕೊಡಿಸಿ, ಸರಿಯಾದ ಕಡೆ ಕಳುಹಿಸಬೇಕು.

ಇಷ್ಟೆಲ್ಲ ತಾಳ್ಮೆ ಕಲಿಯುವವರ ಕುಂದಿಗೆ. ನೋಡದ ರೋಗಿಯನ್ನು ನೋಡಿದೆನೆಂದು ಬರೆಯುವುದು, ಕುಡಿದು ಬರುವುದು, ಕೂಗಾಡುವ ವೃದ್ಧರ ಮೇಲೆ ಕೈ ಮಾಡುವುದು, ಅಸಭ್ಯವಾಗಿ ಮುಟ್ಟುವುದು ಇವು ಬೇರೆ ಜಾತಿಯವು. ಇಲ್ಲಿ ಅಂದೇ ರೋಗಿಗಳಿಂದ ದೂರವಿರಿಸಿ, ಲಿಖಿತವಾಗಿ ವಿಚಾರಣೆ ನಡೆಸಬೇಕು. ಆರೋಪ ಹೊತ್ತವರಿಗೂ ತಮ್ಮ ಮಾತು ಹೇಳಿಕೊಳ್ಳಲು ಅವಕಾಶ ಇರಲೇಬೇಕು.

ಮುಚ್ಚಿದ ಬಾಗಿಲಿನ ಚಿಕಿತ್ಸೆ

ಭುಜ ಎಳೆದದ್ದು ಕಣ್ಣಿಗೆ ಕಾಣುತ್ತದೆ. ಮಾತಿನ ಮೂಲಕ ನಡೆಯುವ ಚಿಕಿತ್ಸೆಯಲ್ಲಿ ಕೋಣೆಯೊಳಗೆ ಇಬ್ಬರೇ. ಹಾಗಾಗಿ ಅಲ್ಲಿ ಮೇಲ್ವಿಚಾರಣೆ ಇನ್ನೂ ಗಟ್ಟಿಯಾಗಿರಬೇಕು. ಕಲಿಯುವವರು ಪ್ರತಿ ಭೇಟಿಯ ಟಿಪ್ಪಣಿಯನ್ನು ಹಿರಿಯರೊಡನೆ ಚರ್ಚಿಸುತ್ತಾರೆ. ಕೆಲವೆಡೆ ರೋಗಿಯ ಒಪ್ಪಿಗೆ ಪಡೆದು ಧ್ವನಿ ಮುದ್ರಿಸಿಕೊಂಡು ಕೇಳಿಸುತ್ತಾರೆ. ‘ನಾನು ಹೇಳಿದ್ದು ಇನ್ನೊಬ್ಬರಿಗೆ ತಿಳಿಯುತ್ತದೆಯೇ’ ಎಂದು ರೋಗಿಗೆ ಗಾಬರಿಯಾಗುವುದು ಸಹಜ. ಮೇಲ್ವಿಚಾರಕರೂ ಅದೇ ಗೋಪ್ಯತೆಗೆ ಕಟ್ಟುಬಿದ್ದವರು ಎಂಬುದನ್ನು ಮೊದಲ ದಿನವೇ ರೋಗಿಗೆ ತಿಳಿಸಬೇಕು.

ಒಂದು ಸಂದರ್ಭದಲ್ಲಿ ಮಾತ್ರ ಮುಂದಿನ ವಾರದ ಚರ್ಚೆಗೆ ಕಾಯುವಂತಿಲ್ಲ. ಎದುರಿಗೆ ಕೂತವರು ಬದುಕು ಬೇಡವಾಗಿದೆ, ಏನಾದರೂ ಮಾಡಿಕೊಳ್ಳುತ್ತೇನೆ ಎಂದರೆ ಕಲಿಯುವವರು ಅಂದೇ, ರೋಗಿ ಕಟ್ಟಡ ಬಿಡುವ ಮುನ್ನವೇ ಹಿರಿಯರನ್ನು ಕರೆಯಬೇಕು. ‘ಗುಟ್ಟಾಗಿ ಇಡುತ್ತೇನೆಂದು ಮಾತು ಕೊಟ್ಟಿದ್ದೆ’ ಎಂಬುದು ಇಲ್ಲಿ ನಿಲ್ಲುವುದಿಲ್ಲ. ಇದನ್ನು ಕಲಿಸದೆ ಯಾರನ್ನೂ ಕೋಣೆಯೊಳಗೆ ಕೂರಿಸಕೂಡದು. ಇಂಥ ಕಷ್ಟದಲ್ಲಿರುವವರು, ಅವರ ಮನೆಯವರು ಹಗಲು ರಾತ್ರಿ ಯಾವ ವೇಳೆಯಲ್ಲೂ 14416ಕ್ಕೆ ಫೋನ್ ಮಾಡಬಹುದು. ಅದು 2022ರಲ್ಲಿ ಆರಂಭವಾದ ‘ಟೆಲಿ ಮಾನಸ್’ ಸಹಾಯವಾಣಿ, ಕನ್ನಡದಲ್ಲೂ ಮಾತಾಡುತ್ತಾರೆ, ಹಣ ಕೊಡಬೇಕಿಲ್ಲ.

ಮನೆಯವರು ಏನು ಕೇಳಬಹುದು

ಮೊದಲ ದಿನವೇ ಕೇಳಿ: ‘ನೀವು ಕಲಿಯುತ್ತಿರುವವರೇ? ನಿಮ್ಮ ಮೇಲೆ ಯಾರಿದ್ದಾರೆ? ಅವರು ನಮ್ಮಪ್ಪನನ್ನು ಎಷ್ಟು ದಿನಕ್ಕೊಮ್ಮೆ ನೋಡುತ್ತಾರೆ?’ ಇದರಲ್ಲಿ ಅವಮಾನದ ಮಾತಿಲ್ಲ. ಚೆನ್ನಾಗಿ ನಡೆಯುವ ವಿಭಾಗದಲ್ಲಿ ಇದಕ್ಕೆ ತಡವರಿಸದೆ ಉತ್ತರ ಬರುತ್ತದೆ. ಕಲಿಯುವವರಿಂದ ಚಿಕಿತ್ಸೆ ಬೇಡ ಎನ್ನುವ ಹಕ್ಕೂ ನಿಮಗಿದೆ. ಆದರೆ ಹಿರಿಯರ ಕಣ್ಣಿದ್ದರೆ ಬೇಡವೆನ್ನಬೇಕಾಗಿಲ್ಲ ಎಂಬುದು ನನ್ನ ಸಲಹೆ. ನಲವತ್ತು ರೋಗಿಗಳನ್ನು ನೋಡಬೇಕಾದ ಹಿರಿಯರು ನಿಮಗೆ ಹತ್ತು ನಿಮಿಷ ಕೊಟ್ಟಾರು. ಆ ಹುಡುಗಿ ಮುಕ್ಕಾಲು ಗಂಟೆ ಕೊಡುತ್ತಾಳೆ, ತಾತನ ಹಳೆಯ ಕಥೆಯನ್ನೂ ಕೇಳುತ್ತಾಳೆ.

ಚಿಕಿತ್ಸೆಯ ನಂತರ ಹೊಸದಾಗಿ ನೋವು ಬಂದರೆ, ಅದು ಮರುದಿನಕ್ಕೂ ಹೆಚ್ಚುತ್ತಲೇ ಇದ್ದರೆ, ಒಂದು ಮೀನಖಂಡ ಊದಿ ಬಿಸಿಯಾದರೆ ಮುಂದಿನ ಸರದಿಗೆ ಕಾಯಬೇಡಿ. ಊದಿದ ಮೀನಖಂಡವನ್ನು ಯಾರೂ ತಿಕ್ಕಕೂಡದು. ಒಳಗೆ ರಕ್ತ ಹೆಪ್ಪುಗಟ್ಟಿರಬಹುದು, ಅಂದೇ ವೈದ್ಯರಿಗೆ ತೋರಿಸಿ. ಲಕ್ವದ ರೋಗಿ ನೀರು ಕುಡಿಯುವಾಗ ಕೆಮ್ಮಿದರೆ, ದನಿ ಗೊರಗೊರ ಎಂದರೆ ನೀರು ಶ್ವಾಸನಾಳಕ್ಕೆ ಹೋಗುತ್ತಿರಬಹುದು. ಬಾಯಿಗೆ ಏನನ್ನೂ ಹಾಕುವ ಮುನ್ನ ಹಿರಿಯ ಥೆರಪಿಸ್ಟ್ ಅಥವಾ ವೈದ್ಯರಿಗೆ ತಿಳಿಸಿ.

ದೂರು ಹೇಳಬೇಕಾಗಿ ಬಂದರೆ ನೇರ ಮೇಲ್ವಿಚಾರಕರಿಂದ ಶುರು ಮಾಡಿ. ದಿನಾಂಕ, ಹೊತ್ತು, ಏನು ನಡೆಯಿತು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಕೊಡಿ, ಒಂದು ಪ್ರತಿ ಇಟ್ಟುಕೊಳ್ಳಿ. ಕಾರಿಡಾರಿನಲ್ಲಿ ಕೂಗಾಡಿದರೆ ಜನ ಸೇರುತ್ತಾರೆ, ವಿಷಯ ಕಳೆದುಹೋಗುತ್ತದೆ. ಅಲ್ಲಿ ಕೇಳುವವರಿಲ್ಲವೆಂದರೆ ಆಸ್ಪತ್ರೆಯ ಅಧೀಕ್ಷಕರು, ಕಾಲೇಜಿನ ಪ್ರಾಂಶುಪಾಲರು ಇದ್ದಾರೆ. ಖಾಸಗಿ ಸಂಸ್ಥೆಗಳ ವಿಚಾರದಲ್ಲಿ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ 2007ರ ಕಾಯ್ದೆಗೆ ಆದ ತಿದ್ದುಪಡಿಯಂತೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಕುಂದುಕೊರತೆ ಪ್ರಾಧಿಕಾರಕ್ಕೆ ಹೋಗಬಹುದು.

ಮಗಳು ಅತ್ತುಕೊಂಡು ಫೋನ್ ಮಾಡಿದಾಗ

ನಿಮ್ಮ ಮಗಳೋ ಮಗನೋ ತರಬೇತಿಯಲ್ಲಿದ್ದು, ಕೆಲಸ ಸರಿಯಿಲ್ಲ ಎಂಬ ಮಾತು ಬಂದಿದ್ದರೆ ತಕ್ಷಣ ಬಸ್ಸು ಹತ್ತಿ ಕಾಲೇಜಿಗೆ ಹೋಗಬೇಡಿ. ಪರಿಚಯದವರಿಂದ ಶಿಫಾರಸಿನ ಫೋನನ್ನಂತೂ ಮಾಡಿಸಲೇಬೇಡಿ. ಮೊದಲು ಒಂದು ಪ್ರಶ್ನೆ ಕೇಳಿ: ‘ಯಾವ ಕೆಲಸ, ಯಾವ ದಿನ ಎಂದು ಹೇಳಿದರಾ?’ ಹೇಳಿಲ್ಲವಾದರೆ, ಮೇಲ್ವಿಚಾರಕರ ಬಳಿ ಸಮಯ ಕೇಳಿಕೊಂಡು ಹೋಗಿ, ‘ನಾನು ತಿದ್ದಿಕೊಳ್ಳಬೇಕಾದದ್ದನ್ನು ಬರೆದುಕೊಡಿ ಮೇಡಂ, ಮತ್ತೆ ಯಾವಾಗ ನೋಡುತ್ತೀರಿ’ ಎಂದು ಕೇಳಲು ಹೇಳಿ. ಹೀಗೆ ಕೇಳುವ ವಿದ್ಯಾರ್ಥಿಯ ಬಗ್ಗೆ ಹಿರಿಯರ ಮನಸ್ಸು ಬದಲಾಗುವುದನ್ನು ನೋಡಿದ್ದೇನೆ. ಅವಧಿ ಒಂದೆರಡು ತಿಂಗಳು ಮುಂದೆ ಹೋದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ. ನೆಂಟರಿಷ್ಟರಿಗೆ ಏನು ಹೇಳುವುದು ಎಂಬ ಚಿಂತೆ ನಿಮ್ಮದು, ಅದನ್ನು ಮಗಳ ಮೇಲೆ ಹೊರಿಸಬೇಡಿ.

ಆದರೆ ‘ಬೈದರು’ ಎಂಬುದರ ಹಿಂದೆ ಬೇರೆ ಏನಾದರೂ ಇದೆಯೇ ಎಂಬುದನ್ನೂ ಮೆಲ್ಲಗೆ ಕೇಳಿ. ಸಹಿ ಬೇಕಾದರೆ ಸಂಜೆ ಒಬ್ಬಳೇ ಬಾ ಎನ್ನುವವರೂ ಇದ್ದಾರೆ. ಅದು ಮೇಲ್ವಿಚಾರಣೆಯಲ್ಲ, ಅಪರಾಧ. ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ತರಬೇತಿಯಲ್ಲಿರುವವರಿಗೂ ಅನ್ವಯಿಸುತ್ತದೆ. ಹತ್ತು ಅಥವಾ ಹೆಚ್ಚು ಜನ ದುಡಿಯುವ ಕಡೆ ಆಂತರಿಕ ಸಮಿತಿ ಇರಲೇಬೇಕು, ಚಿಕ್ಕ ಕ್ಲಿನಿಕ್ ಆದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಘಟನೆಯಾದ ಮೂರು ತಿಂಗಳೊಳಗೆ ಬರವಣಿಗೆಯಲ್ಲಿ ಕೊಡಬೇಕು. ತಕ್ಕ ಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳವರೆಗೆ ಅವಕಾಶ ಕೊಡಬಹುದು. ಬಂದ ಸಂದೇಶಗಳನ್ನು ಅಳಿಸದೆ ಇಟ್ಟುಕೊಳ್ಳಲು ಮಗಳಿಗೆ ಹೇಳಿ, ಸಮಿತಿಯ ಮುಂದೆ ಹೋಗುವ ದಿನ ಮನೆಯಿಂದ ಯಾರಾದರೂ ಅವಳ ಜೊತೆ ಆ ಊರಿನಲ್ಲಿರಿ.